ಕೂಗಿದರೆ ತಿರುಗದ ಮಕ್ಕಳು

೧೯೮೪ರ ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸಾಗರದ ನಮ್ಮ ವಾಚನಾಲಯದಲ್ಲಿ ಇದ್ದವರು ನಾಲ್ವರು: ಗ್ರಂಥಪಾಲಕನಾದ ನಾನು, ನಿವೃತ್ತ ಶಿಕ್ಷಕಿ ಕಮಲಮ್ಮ, ಸೈಕಲ್ ರಿಪೇರಿಯ ಗಣಪತಿ, ಅವರ ಏಳು ವರ್ಷದ ಮಗಳು ಭಾಗೀರಥಿ.

"ಇವತ್ತು ಶಾಲೆ ಬಿಡೋದ್ರೊಳಗೆ ಇವಳ ಟಿ.ಸಿ. ತಗೊಂಡ್ಹೋಗಿ ಅಂದ್ರು ಹೆಡ್‌ಮಾಸ್ಟ್ರು. ಕೂಗಿದ್ರೆ ತಿರುಗಲ್ಲ, ಹಟಮಾರಿ ಅಂತಾರೆ. ಜ್ವರ ಬಂದ್ಮೇಲೆ ಇವಳ ಕಿವಿ ಮಂದ ಆಗಿದೆ ಸಾರ್. ವಾಸಿ ಆಗಲ್ಲ ಅಂತ ಡಾಕ್ಟ್ರು ಹೇಳಿದ್ರು. ಇಂಥವ್ರಿಗೆ ಕಲಿಸೋ ಪುಸ್ತಕ ಏನಾದ್ರೂ ಇದೆಯಾ?" ಎಂದರು ಗಣಪತಿ.

ನಾನು ವರ್ಗೀಕರಣದ ಕಾರ್ಡು ತೆಗೆದೆ. ವರ್ಗೀಕರಣವೆಂದರೆ ಪ್ರತಿ ಪುಸ್ತಕಕ್ಕೂ ವಿಷಯಕ್ಕೆ ತಕ್ಕ ಒಂದೇ ಸಂಖ್ಯೆ, ಒಂದೇ ಜಾಗ. ಸಿಕ್ಕಿದ್ದು ಅಂಗರಚನೆಯ ಪುಸ್ತಕವೊಂದೇ. ಕಿವಿಯ ಚಿತ್ರವೇನೋ ಚೆನ್ನಾಗಿತ್ತು.

"ನಿಮ್ಮ ನಂಬರಿಗೊಂದು ನಮಸ್ಕಾರ ಮಾರಾಯ್ರೆ. ಗೋಡೆ ಮೇಲಿನ ತಂತಿ ನೋಡಿ," ಎಂದರು ಕಮಲಮ್ಮ.

ತಂತಿ ಅವರದೇ ಏರ್ಪಾಡು. ನಮ್ಮ ಪುಸ್ತಕಗಳು ಟ್ರಂಕಿನಲ್ಲಿ ಬಸ್ಸು ಹತ್ತಿ ಹೊಸನಗರ, ತೀರ್ಥಹಳ್ಳಿಗೂ ಹೋಗಿ ಬರುತ್ತಿದ್ದವು. ಓದಿದವರು ತಮಗೆ ಸಿಕ್ಕಿದ ವಿಷಯವನ್ನು ತಮ್ಮದೇ ಮಾತಿನಲ್ಲಿ ಚೀಟಿಯಲ್ಲಿ ಬರೆದು, ಪುಟಸಂಖ್ಯೆ ಹಾಕಿ ಒಳಗಿಡುತ್ತಿದ್ದರು. ಒಂದೇ ವಿಷಯದ ಚೀಟಿಗಳನ್ನು ಕಮಲಮ್ಮ ಅಂಗಡಿಯ ಬಿಲ್ಲುಗಳ ಹಾಗೆ ಒಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಒಂದು ಪುಸ್ತಕದ ಚೀಟಿ ಎಷ್ಟು ತಂತಿಗಳಲ್ಲಾದರೂ ಇರಬಹುದು.

ಅವರು ಇಳಿಸಿದ ತಂತಿಯ ಹೆಸರು ‘ಕೂಗಿದರೆ ತಿರುಗದ ಮಕ್ಕಳು’. ಯಾರೋ ತಾಯಿ ಇಟ್ಟದ್ದಿರಬೇಕು. ಅದರಲ್ಲಿ ಮೂರು ಊರಿನ ಮೂರು ಕೈಬರಹ. ತೀರ್ಥಹಳ್ಳಿಯ ಚೀಟಿ ಶಿಶುಪಾಲನೆಯ ಪುಸ್ತಕದ ಒಂದು ಅಧ್ಯಾಯ ತೋರಿಸಿತು. ಹೊಸನಗರದ್ದು ಮಹಿಳೆಯರ ಹಳೆಯ ಮಾಸಪತ್ರಿಕೆಯೊಂದನ್ನು. ಸಾಗರದ್ದು ಒಬ್ಬ ಉಪಾಧ್ಯಾಯರ ನೆನಪುಗಳನ್ನು. ಬರೆದವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಒಂದರಲ್ಲಿ ಬಿಟ್ಟುಹೋದದ್ದು ಇನ್ನೊಂದರಲ್ಲಿತ್ತು: ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮಾತಾಡುವವರ ಮುಖಕ್ಕೆ ಬೆಳಕಿರಲಿ, ಕಿರುಚಬೇಡಿ, ತುಟಿ ಕಾಣಲಿ.

ಆ ಮೂರು ಪುಸ್ತಕಗಳನ್ನೂ ಕಪಾಟಿನಿಂದ ತೆಗೆದುಕೊಂಡು ಹನ್ನೊಂದಕ್ಕೆ ನಾವೆಲ್ಲ ಶಾಲೆಯಲ್ಲಿದ್ದೆವು. ಮುಖ್ಯೋಪಾಧ್ಯಾಯರು ಮೂರರಲ್ಲೂ ಚೀಟಿ ಹೇಳಿದ ಪುಟ ಓದಿ, ಮುಖಕ್ಕೆ ಬೆಳಕು ಬೀಳುವಂತೆ ಕಿಟಕಿಯತ್ತ ತಿರುಗಿ ಹುಡುಗಿಗೆ ಏನೋ ಹೇಳಿದರು. ಹುಡುಗಿ ಕದಲಲಿಲ್ಲ. ಗಣಪತಿಯ ಮುಖ ಬಾಡಿತು.

"ಮಂಜುನಾಥ," ಎಂದರು ಕಮಲಮ್ಮ. ಮುಖ್ಯೋಪಾಧ್ಯಾಯರಿಗೂ ಅಕ್ಷರ ಕಲಿಸಿದವರು ಅವರೇ. "ಆ ಪೊದೆ ಮೀಸೆ ಒಳಗೆ ತುಟಿ ಎಲ್ಲಿದೆ ಅಂತ ಹುಡುಕ್ಬೇಕಾ ಪಾಪದ ಕೂಸು? ಎತ್ತು ಅದನ್ನ."

ಮುಖ್ಯೋಪಾಧ್ಯಾಯರು ಎರಡು ಬೆರಳಿನಿಂದ ಮೀಸೆ ಎತ್ತಿ ಹಿಡಿದು, ಮೆಲ್ಲಗೆ ಹೇಳಿದರು: "ಭಾಗೀರಥಿ, ಬಾಗಿಲು ಹಾಕು."

ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

ಟಿ.ಸಿ.ಯ ಮಾತು ಅಲ್ಲಿಗೆ ಮುಗಿಯಿತು. ಸೋಮವಾರ ಭಾಗೀರಥಿ ಮುಂದಿನ ಬೆಂಚಿನಲ್ಲಿದ್ದಳು. ಮುಖ್ಯೋಪಾಧ್ಯಾಯರ ಮೀಸೆ ಅರ್ಧವಾಗಿತ್ತು.

ಸಂಖ್ಯೆ ಪುಸ್ತಕದ ಜಾಗ ಹೇಳುತ್ತದೆ. ಅದು ಯಾರ ಕಷ್ಟಕ್ಕೆ ಆದೀತು ಎಂಬುದನ್ನು ಓದಿದವರೇ ಹೇಳಬೇಕು. ಆ ಶನಿವಾರ ಸಂಜೆ ವಾಚನಾಲಯದ ಬಾಗಿಲು ಹಾಕುವ ಮುನ್ನ ಮೂರು ಪುಸ್ತಕಗಳನ್ನೂ ಮೂರು ಬೇರೆ ಕಪಾಟುಗಳಲ್ಲಿ, ಅವುಗಳ ಸಂಖ್ಯೆಯ ಜಾಗದಲ್ಲೇ ಇಟ್ಟೆ.