ಸಕ್ಕರೆ ಡಬ್ಬಿಯೊಳಗಿನ ಆನೆ

ನಮ್ಮ ಮನೆಯ ಸಕ್ಕರೆ ಡಬ್ಬಿಯಲ್ಲಿ ಬಹಳ ಕಾಲ ಸಕ್ಕರೆಯೇ ಇರಲಿಲ್ಲ. ಡಬ್ಬಿಯ ಮೇಲೆ ‘ಸಕ್ಕರೆ’ ಎಂದು ನಾನೇ ಬರೆದು ಅಂಟಿಸಿದ ಚೀಟಿ ಇತ್ತು, ಒಳಗೆ ಮಾತ್ರ ಒಣಗಿದ ಎಲೆ. ಚಹಾ ಮಾಡಲು ಹೋದ ನೆಂಟರು ಮುಚ್ಚಳ ತೆಗೆದು ಇಣುಕಿ, “ಮೆಂತ್ಯಪಲ್ಲೆ ಒಣಗಿಸಿ ಇಟ್ಟೀರೇನ್ರಿ?” ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಸ್ಟೀವಿಯಾ ಎಂಬ ಆ ಸಿಹಿ ಎಲೆಯ ಪುರಾಣ ಕೇಳಿಸಲು ಒಬ್ಬರು ಸಿಕ್ಕರಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಶುರು ಮಾಡುತ್ತಿದ್ದೆ.

ಶುಗರ್ ಬಂದಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಅತ್ತಿದ್ದೆ. ರೋಗಕ್ಕಲ್ಲ, ಚಹಾಕ್ಕೆ. ಸಪ್ಪೆ ಚಹಾ ಕುಡಿದು ಬದುಕುವುದಾದರೂ ಯಾಕೆ ಎನ್ನುವಷ್ಟು ದೂರ ಹೋಗಿತ್ತು ನನ್ನ ವೈರಾಗ್ಯ. ಆಗ ನಮ್ಮ ಕಚೇರಿಯವರೊಬ್ಬರು ಮೋಕಾ ಊರಿನ ಕಡೆಯ ನರ್ಸರಿಯಿಂದ ಸ್ಟೀವಿಯಾದ ಒಂದು ಸಸಿ ತಂದುಕೊಟ್ಟರು. ಅದನ್ನು ತುಳಸಿಯ ಪಕ್ಕದಲ್ಲೇ ಇಟ್ಟೆ. ಪಕ್ಕದ ಮನೆಯ ಅಜ್ಜಿ ಬಂದವರು ಎರಡಕ್ಕೂ ಅರಿಸಿನ ಕುಂಕುಮ ಏರಿಸಿ ಕೈಮುಗಿದರು. ಅವರಿಗೊಂದು ಎಲೆ ಕಿತ್ತು ಕೊಟ್ಟೆ. ಬಾಯಾಡಿಸಿ, “ಇದು ಎಲಿ ಐತೋ, ಪೆಪ್ಪರಮೆಂಟ್ ಐತೋ?” ಎಂದರು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಎಲ್ಲಿಯದು ಈ ಗಿಡ ಎಂದು ಹುಡುಕಿದರೆ ದಕ್ಷಿಣ ಅಮೆರಿಕದ ಪರಾಗ್ವೆ ಕಡೆಯದಂತೆ. ಅಲ್ಲಿಯ ಮೂಲನಿವಾಸಿಗಳು ತಲೆಮಾರುಗಳಿಂದ ತಮ್ಮ ಕಷಾಯಕ್ಕೆ ಇದರ ಎಲೆ ಹಾಕಿ ಕುಡಿಯುತ್ತಿದ್ದರಂತೆ. ಮೊದಲು ಎಲೆ ತಿಂದವರು ಯಾರಿರಬಹುದು? ಕಾಡಿನಲ್ಲಿ ಕಂಡ ಸೊಪ್ಪನ್ನೆಲ್ಲ ಬಾಯಿಗೆ ಹಾಕಿ ನೋಡುವ ನನ್ನಂಥ ಒಬ್ಬಳು ಇದ್ದಿರಲೇಬೇಕು. ಅಷ್ಟು ದೂರದಿಂದ ಬಂದ ಗಿಡ ನಮ್ಮ ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನ ತಲೆ ಬಾಗಿಸುತ್ತದೆ. ನಾನೂ ಬಾಗಿಸುತ್ತೇನೆ. ಸಂಜೆ ನೀರು ಕಂಡಮೇಲೆ ಇಬ್ಬರೂ ಎದ್ದು ಕೂರುತ್ತೇವೆ.

ಆಮೇಲೆ ಅಂಗಡಿಯಲ್ಲಿ ಇದರ ಪುಡಿಯೂ ಸಿಗುತ್ತದೆ ಎಂದು ತಿಳಿಯಿತು. ಮೊದಲ ದಿನ ಸಕ್ಕರೆ ಹಾಕಿದ ಅಳತೆಯಲ್ಲೇ ಚಮಚ ತುಂಬ ಹಾಕಿಬಿಟ್ಟೆ. ಆ ಚಹಾ ಕುಡಿದ ನನ್ನ ಮಗ ವೀರೇಶ ಸಂಜೆಯವರೆಗೂ ನೀರು ಕುಡಿದರೂ ಸಿಹಿ ಎನ್ನುತ್ತಿದ್ದ. ಚಿಟಿಕೆ ಸಾಕಾಗುವಲ್ಲಿ ಚಮಚ ಸುರಿಯುವುದು ನನ್ನ ಹುಟ್ಟುಗುಣ.

ಅದೇ ವೀರೇಶನಿಗೆ ಹೋದ ವರ್ಷ ಸಿರುಗುಪ್ಪದಲ್ಲಿ ಹೆಣ್ಣು ನೋಡಲು ಹೋದೆವು. ಹುಡುಗಿಯ ಹೆಸರು ಅನ್ನಪೂರ್ಣ, ಅಲ್ಲೇ ಶಾಲೆಯಲ್ಲಿ ಟೀಚರು. ಚಹಾ ತಂದಿಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತು, “ನನಗ ಸಣ್ಣಾಕಿ ಇದ್ದಾಗಿಂದ ಶುಗರ್ ಐತ್ರಿ. ದಿನಾ ಇಂಜೆಕ್ಷನ್ ತಗೋತೀನಿ. ಮೊದಲ ಹೇಳಿಬಿಡೋದು ಚಲೋ” ಎಂದಳು. ಅವಳಪ್ಪ ನೆಲ ನೋಡಿದರು. ವೀರೇಶ ಅವಳನ್ನೇ ನೋಡಿದ. ನಾನು ಚೀಲದಿಂದ ಸ್ಟೀವಿಯಾ ಪುಡಿ ತೆಗೆದು ನನ್ನ ಚಹಾಕ್ಕೆ ಉದುರಿಸಿ, “ನಮ್ಮ ಮನ್ಯಾಗೂ ಒಂದು ಕಾಳು ಸಕ್ಕರಿ ಇಲ್ಲವ್ವ” ಎಂದೆ. ಎಲ್ಲರೂ ನಕ್ಕರು. ಮಾತು ನಿಶ್ಚಯವಾಯಿತು.

ತೊಂದರೆ ಶುರುವಾದದ್ದು ಗೌರಿ ಹುಣ್ಣಿಮೆ ಹತ್ತಿರ ಬಂದಾಗ. ದೀಪಾವಳಿ ಕಳೆದು ಬರುವ ಆ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಪಾಕವನ್ನು ಅಚ್ಚಿಗೆ ಎರೆದು ಆನೆ, ಕುದುರೆ, ಗಿಳಿ, ಗೋಪುರ ಮಾಡಿ, ತಟ್ಟೆಯಲ್ಲಿ ನಿಲ್ಲಿಸಿ ಗೌರಿಗೆ ಬೆಳಗುತ್ತಾರೆ. ಅದೇ ಸಕ್ಕರೆ ಆರತಿ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಹೂವಿನ ದಂಡೆಯ ಜೊತೆ ಇದನ್ನು ಒಯ್ಯಲೇಬೇಕು. ಒಯ್ದರೆ ತಿನ್ನಲಾಗದವಳ ಮುಂದೆ ತಟ್ಟೆ ತುಂಬ ಸಕ್ಕರೆ ಇಟ್ಟಂತೆ. ಒಯ್ಯದಿದ್ದರೆ ಓಣಿಯ ಹೆಂಗಸರೆದುರು ಅವಳ ಕಾಯಿಲೆಯನ್ನು ನಾವೇ ಸಾರಿದಂತೆ. ಮೊದಲ ಸಲವೇ ಆ ಹುಡುಗಿಯ ಮನಸ್ಸು ನೋಯಿಸಿ ಬಂದರೆ ಮುಂದೆ ಎಷ್ಟು ಅಕ್ಕರೆ ತೋರಿಸಿದರೂ ಅದು ಅಳಿಯುವುದಿಲ್ಲ ಎಂದು ನನಗೆ ಹೆದರಿಕೆ.

ಉಪಾಯ ನನ್ನ ತುಳಸಿಯ ಪಕ್ಕದಲ್ಲೇ ಇತ್ತು. ಸ್ಟೀವಿಯಾದಲ್ಲೇ ಆನೆ ಮಾಡಿದರೆ? ನೋಡುವವರಿಗೆ ಸಕ್ಕರೆ ಆರತಿ, ಹುಡುಗಿಗೆ ಮಾತ್ರ ಆಮೇಲೆ ಕಿವಿಯಲ್ಲಿ ಹೇಳಿದರಾಯಿತು. ಬ್ರೂಸ್‌ಪೇಟೆಯಲ್ಲಿ ನಾನು ಖಾಯಂ ಹೋಗುವ ಅಂಗಡಿಯಲ್ಲಿ ಇದ್ದಬದ್ದ ಪುಡಿಯೆಲ್ಲ ಕೊಡಿ ಎಂದೆ.

“ಇಷ್ಟು ಯಾಕ್ರಮ್ಮ?”

“ಆನಿ ಮಾಡಾಕ್ರಿ.”

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಚ್ಚುಗಳಿರುವುದು ಕುರುಗೋಡಿನ ನಮ್ಮ ಅಕ್ಕನ ಮನೆಯಲ್ಲಿ, ಅವಳ ಅತ್ತೆಯ ಕಾಲದ ಮರದ ಅಚ್ಚು. ನಾನು ಹೋಗುವಷ್ಟರಲ್ಲಿ ಅವನ್ನು ನೀರಲ್ಲಿ ನೆನೆಹಾಕಿ, ಜೋಡಿಸಿ, ದಾರ ಕಟ್ಟಿ ಸಾಲಾಗಿ ಇಟ್ಟಿದ್ದಳು. ನನ್ನ ಪುಡಿ ನೋಡಿ, “ಲೇ ಸುಮಾ, ಇಷ್ಟರಾಗ ಆನಿ ಬಾಲನೂ ಆಗಂಗಿಲ್ಲ” ಎಂದಳು. ಆದರೂ ಕುತೂಹಲ ಅವಳಿಗೂ ಇತ್ತು, ಒಲೆ ಹೊತ್ತಿಸಿದಳು. ನೀರಿಗೆ ಪುಡಿ ಹಾಕಿ ಕುದಿಸಿದೆವು. ಕುದಿಯಿತು, ಕುದಿಯಿತು, ಎಳೆ ಪಾಕ ಬರಲೇ ಇಲ್ಲ. ಅಕ್ಕ ಬೆರಳ ತುದಿಗೆ ಹಚ್ಚಿ ಎಳೆದು ನೋಡುತ್ತಲೇ ಇದ್ದಳು. ಕೊನೆಗೆ ನೀರು ಆರಿ ತಳದಲ್ಲಿ ಒಂದಿಷ್ಟು ಕಂದು ಅಂಟು ಉಳಿಯಿತು. ಹಾಲಿನ ಪುಡಿ ಸೇರಿಸೋಣ ಎಂದೆ. ಈ ಸಲ ಉಂಡೆಯಂತೇನೋ ಆಯಿತು, ಅಚ್ಚಿಗೆ ಒತ್ತಿದೆವು. ದಾರ ಬಿಚ್ಚಿದರೆ ಅರ್ಧ ಆನೆ ಅಚ್ಚಿನಲ್ಲಿ, ಅರ್ಧ ಅಕ್ಕನ ಕೈಯಲ್ಲಿ. ಕೈಯಲ್ಲಿದ್ದುದನ್ನು ನೆಕ್ಕಿ ಮುಖ ಕಿವುಚಿ, “ಸಿಹಿ ಬಂದು ಹೋತು, ಜ್ಯೇಷ್ಠಮಧು ಅಗದಂಗ ಒಗರು ಉಳೀತು” ಎಂದಳು.

ಅಲ್ಲಿಯೇ ಒಲೆಯ ಮುಂದೆ ಕೂತು ನಾನು ಯೋಚನೆಗೆ ಬಿದ್ದೆ. ಇಷ್ಟು ವರ್ಷ ಸಕ್ಕರೆಗೆ ಇರುವುದು ಒಂದೇ ಕೆಲಸ, ಸಿಹಿ ಮಾಡುವುದು, ಎಂದುಕೊಂಡಿದ್ದೆ. ಅದು ಪಾಕಕ್ಕೆ ಎಳೆ ಕೊಡುತ್ತದೆ, ಉಂಡೆಯನ್ನು ಹಿಡಿದು ನಿಲ್ಲಿಸುತ್ತದೆ, ಆನೆಗೆ ನಾಲ್ಕು ಕಾಲು ಕೊಡುತ್ತದೆ. ಸಿಹಿಯೇ ಬೇರೆ, ಅದರ ಮೈಯೇ ಬೇರೆ ಎನ್ನುವುದು ಈ ವಯಸ್ಸಿನಲ್ಲಿ ಗೊತ್ತಾಯಿತು. ನನ್ನ ಎಲೆಗೆ ಸಿಹಿ ಇತ್ತು, ಮೈ ಇರಲಿಲ್ಲ. ಇದನ್ನು ಅಕ್ಕನಿಗೆ ವಿವರಿಸಿದೆ.

“ಅದೆಲ್ಲಾ ಖರೆ. ಎದ್ದು ಸಕ್ಕರಿ ತೊಗೊಂಡು ಬಾ” ಎಂದಳು.

ಅಂತೂ ಹುಣ್ಣಿಮೆಯ ದಿನ ಅಪ್ಪಟ ಸಕ್ಕರೆಯ ಆನೆ, ಕುದುರೆ, ಗಿಳಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಜೊತೆ ಸಿರುಗುಪ್ಪಕ್ಕೆ ಹೋದೆ. ಆರತಿ ಚೆನ್ನಾಗಿಯೇ ಆಯಿತು. ಹಾಡು ಮುಗಿದು ಹೆಂಗಸರು ಗೋಪುರ ಮುರಿದು ಹಂಚಿಕೊಳ್ಳುವಾಗ ಅನ್ನಪೂರ್ಣ ಎರಡು ಗಿಳಿಗಳನ್ನು ಯಾರಿಗೂ ಕಾಣದಂತೆ ಕಾಗದದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ನಾನು ನೋಡಿಬಿಟ್ಟೆ. ಆಸೆಪಟ್ಟು ಕದ್ದು ತಿನ್ನುವ ಹಾಗೆ ಮಾಡಿದೆನಲ್ಲ ಎಂದು ಅವಳನ್ನು ಒಳಕೋಣೆಗೆ ಕರೆದೊಯ್ದೆ.

“ತಪ್ಪು ತಿಳ್ಕೋಬ್ಯಾಡ ತಾಯಿ. ಸ್ಟೀವಿಯಾದಾಗ ಮಾಡಾಕ ಹೋಗಿದ್ವಿ, ಆಗಲಿಲ್ಲ. ಆ ಗಿಳಿ ತಿನ್ನಬ್ಯಾಡ” ಎಂದೆ.

ಕೇಳುತ್ತಾ ನಗಲು ಶುರು ಮಾಡಿದವಳ ನಗು ಅರ್ಧಕ್ಕೆ ನಿಂತಿತು. “ಆಗಲಿಲ್ಲ ಅಲ್ರಿ? ಚಲೋ ಆತು ಅತ್ತಿ” ಎಂದಳು. “ಒಮ್ಮೊಮ್ಮೆ ಇಂಜೆಕ್ಷನ್ ಜಾಸ್ತಿ ಆಗಿ ಶುಗರ್ ಪೂರಾ ಇಳಿದುಬಿಡ್ತೈತ್ರಿ. ಕೈ ನಡುಗ್ತಾವು, ಕಣ್ಣಿಗೆ ಕತ್ತಲಿ ಬರ್ತೈತಿ. ಆವಾಗ ಬಾಯಾಗ ಸಕ್ಕರಿ ಬೀಳಬೇಕು. ಕೈಯಾಗ ಸಕ್ಕರಿ ಇಲ್ದ ನಾನು ಮನಿ ಬಿಟ್ಟು ಹೊರಗ ಹೋಗಂಗಿಲ್ರಿ. ಈ ಗಿಳಿ ಅದಕ್ಕಾ. ನಿಮ್ಮ ಎಲಿ ನಾಲಿಗಿಗೆ ಅಷ್ಟ ಸಿಹಿ, ನಾ ಬಿದ್ರ ಎಬ್ಬಸಂಗಿಲ್ಲ.”

ನಾನು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಅಕ್ಕನ ಕೈಯಲ್ಲಿ ಆ ಆನೆ ಸರಿಯಾಗಿ ನಿಂತಿದ್ದರೆ, ಆ ಗಡಿಬಿಡಿಯಲ್ಲಿ ಕಿವಿಯಲ್ಲಿ ಹೇಳುವುದನ್ನು ನಾನು ಮರೆತಿದ್ದರೆ, ಈ ಹುಡುಗಿ ಬರೀ ಬಾಯಿಸಿಹಿಯ ಗಿಳಿಯನ್ನು ನಂಬಿ ಶಾಲೆಗೆ ಹೋಗುತ್ತಿದ್ದಳು. ಅವಳೇ ನನಗೆ ನೀರು ತಂದುಕೊಟ್ಟಳು. ಬೆನ್ನು ಸವರುತ್ತಾ, “ಸಣ್ಣಾಕಿದ್ದಾಗಿಂದ ನನ್ನ ಹೆಸರೀಲೆ ಯಾರೂ ಆರತಿ ಮಾಡಿರಲಿಲ್ರಿ, ಸಕ್ಕರಿಗೆ ಹೆದರತಿದ್ರು” ಎಂದಳು. ಆಗ ನನಗೆ ಅಳು ಬಂತು. ಚಹಾಕ್ಕಾಗಿ ಅತ್ತವಳಿಗೆ ಇಂಥದಕ್ಕೆ ಬಾರದೆ ಇರುತ್ತದೆಯೇ?

ಹೊರಡುವಾಗ ಅವಳು ಆನೆಯನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗಿಟ್ಟಳು. “ನಿಮ್ಮ ಮನ್ಯಾಗ ಒಂದು ಕಾಳು ಸಕ್ಕರಿ ಇಲ್ಲ ಅಂದಿದ್ರಿ. ನಾ ಬರೂದ್ರಾಗ ಇದನ್ನ ಇಟ್ಟಿರ್ರಿ” ಎಂದಳು.

ಮನೆಗೆ ಬಂದು ಸಕ್ಕರೆ ಡಬ್ಬಿಯ ಎಲೆಗಳನ್ನು ಬೇರೆ ಬಾಟಲಿಗೆ ಸುರಿದು, ಡಬ್ಬಿಯೊಳಗೆ ಆನೆಯನ್ನು ನಿಲ್ಲಿಸಿದೆ. ನನ್ನ ಚಹಾಕ್ಕೆ ಈಗಲೂ ಅವೇ. ನೆಂಟರು ಈಗಲೂ ಬಂದು ಆ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ, “ಏನ್ರಿ ಇದು, ಡಬ್ಬ್ಯಾಗ ಆನಿ?” ಎನ್ನುತ್ತಾರೆ.

“ಹೌದ್ರಿ, ನಮ್ಮ ಸೊಸಿದು” ಎನ್ನುತ್ತೇನೆ. “ಮುಚ್ಚಿ ಅಲ್ಲೇ ಇಡ್ರಿ, ಆಕಿ ಕೈಗೆ ಸಿಗೂಹಂಗ.”