ಬೂದ್ಯಾನ ಬಾಯಿಗೆ ಬಿಡದ ನೀರು

ನನಗ ಮೊಮ್ಮಗಳು ಹುಟ್ಟ್ಯಾಳ್ರಿ! ಇವತ್ತು ಮುಂಜಾನೆ, ಕುಷಾಯಿಗೂಡದಾಗ ನಮ್ಮ ಮನೆ ಹತ್ತಿರದ ದವಾಖಾನೆಯಲ್ಲಿ, ನನ್ನ ಮಗಳು ಸುವರ್ಣಾ ಹೆತ್ತಳು. ಕೂಸು ಕೆಂಪಗೆ, ಗುಂಡಗೆ, ಮುಷ್ಟಿ ಬಿಗಿಹಿಡಿದು ಯಾರ ಮೇಲೋ ಜಗಳಕ್ಕೆ ಬಂದವಳ ಹಾಗೆ ಐತಿ. ಲಿಫ್ಟಿನವನಿಗೆ ತೆಲುಗಿನಲ್ಲಿ ಹೇಳಿದೆ, ಚಹಾದವನಿಗೆ ಹಿಂದಿಯಲ್ಲಿ ಹೇಳಿದೆ, ಯಾದಗಿರಿ ಕಡೆ ನಮ್ಮೂರಿಗೆ ಫೋನ್ ಹಚ್ಚಿ ಕನ್ನಡದಲ್ಲಿ ಹೇಳಿದೆ. ಆದರೂ ಹೊಟ್ಟೆಯಲ್ಲಿನ ಸಂತೋಷ ತೀರವಲ್ದು, ಅದಕ್ಕೇ ಬರೆಯಾಕ ಕುಂತೀನಿ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ಕೂಸಿನ ಮುಖ ನೋಡಿ ಬಿಟ್ಟುಬಿಡ್ರಿ.

ಹೆರಿಗೆಯಾದ ಮೇಲೆ ಸುವರ್ಣಾನ ತುಟಿ ಒಣಗಿ ಬಿರಿದಿದ್ದವು. ಎದ್ದು ಕೂಡುವ ಶಕ್ತಿ ಇರಲಿಲ್ಲ. ತಲೆದಿಂಬು ಎತ್ತರ ಮಾಡಿ ಚಮಚದಿಂದ ಸ್ವಲ್ಪ ಸ್ವಲ್ಪ ನೀರು ಕೊಡು ಅಂತ ನರ್ಸಮ್ಮ ಹೇಳಿ ಹೋದಳು. ನಾನು ಚಮಚ ಎತ್ತಿದ್ದೇ ತಡ, ಸುವರ್ಣಾನ ಅತ್ತೆ, ಅಂದರೆ ನಮ್ಮ ಬೀಗತಿ, ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಬ್ಯಾಡ್ರಿ ಬೀಗತಿ. ಮಲಗಿದವರ ಬಾಯಾಗ ನೀರು ಬಿಡಬಾರದ್ರಿ."

ಯಾಕೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಮ್ಮ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಮಲಗಿದವರ ಬಾಯಿಗೆ ಚಮಚದಿಂದ ನೀರು ಬಿಡುವುದು ಜೀವ ಹೋಗುವ ಹೊತ್ತಿನಲ್ಲಿ. ಬೀಗತಿಯ ಬೆರಳು ಮಂಜಿನಂತೆ ತಣ್ಣಗಿದ್ದವು. ಅಂಥದೇ ತಣ್ಣನೆ ಬೆರಳು ಹಿಂದೆ ಒಂದು ಸಲ ನನ್ನ ಮುಂಗೈ ಹಿಡಿದಿದ್ದವು. ಆ ಮಾತು ಹೇಳುತ್ತೇನೆ.

ಕೊರೊನಾ ಹೋದ ಮರುವರ್ಷದ ಬೇಸಿಗೆ ಅದು. ನಾನು ಹಿಮಾಯತ್‌ನಗರದ ಒಂದು ಸಣ್ಣ ಪ್ರಾಣಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಅದಕ್ಕೂ ಮೊದಲು ಕೊಂಡಾಪುರದ ಕಟ್ಟಡಗಳಲ್ಲಿ ಕಲ್ಲು, ಸಿಮೆಂಟು ಹೊತ್ತವಳು. ನಮ್ಮ ಮನೆಯವರು ಅಲ್ಲೇ ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯಿಂದ ಬಿದ್ದು ತೀರಿಕೊಂಡರು. ಆಮೇಲೆ ನನಗೆ ಆ ಎತ್ತರದ ಕಡೆ ತಲೆ ಎತ್ತಿ ನೋಡುವುದೂ ಆಗಲಿಲ್ಲ. ದವಾಖಾನೆಯಲ್ಲಿ ನನ್ನ ಕೆಲಸ ನೆಲ ಒರೆಸುವುದು, ಪಂಜರ ತೊಳೆಯುವುದು, ಡಾಕ್ಟರಮ್ಮ ಸೂಜಿ ಚುಚ್ಚುವಾಗ ಪ್ರಾಣಿ ಹಿಡಿಯುವುದು. ನಾಯಿ ಹಿಡಿಯಲು ತೋಳಿನ ಬಲ ಸಾಕು. ಬೆಕ್ಕು ಹಿಡಿಯಲು ಮನಸ್ಸು ತಣ್ಣಗಿರಬೇಕು.

ಬೆಕ್ಕಿಗೆ ಗುಳಿಗೆ ಹಾಕುವುದನ್ನು ಡಾಕ್ಟರಮ್ಮ ನನಗೆ ಹೀಗೆ ಕಲಿಸಿದ್ದರು. ಮೊದಲು ಟವೆಲಿನಲ್ಲಿ ಕಾಲು ಹೊರಗೆ ಬರದಂತೆ ಸುತ್ತಬೇಕು, ಉಸಿರು ಕಟ್ಟುವಷ್ಟು ಬಿಗಿ ಅಲ್ಲ. ಎದುರಿಗೆ ನಿಂತು ಹೆದರಿಸದೆ, ಹಿಂದಿನಿಂದ ತಲೆ ಹಿಡಿದು, ಕೆಳದವಡೆ ಮೆಲ್ಲಗೆ ಇಳಿಸಿ, ಗುಳಿಗೆಯನ್ನು ನಾಲಿಗೆಯ ಹಿಂಭಾಗದಲ್ಲಿ ಇಡಬೇಕು. ಬಾಯಿ ಮುಚ್ಚಿ ಗಂಟಲು ಸವರಬೇಕು. ಮೂಗು ನೆಕ್ಕಿಕೊಂಡರೆ ನುಂಗಿತು ಅಂತ ಲೆಕ್ಕ. ಅಲ್ಲಿಗೆ ಮುಗಿಯಲಿಲ್ಲ. ಸೂಜಿ ಇಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ನೀರನ್ನು ಹನಿಹನಿಯಾಗಿ ಬಿಡಬೇಕು. ತಲೆ ಹಿಂದಕ್ಕೆ ಬಗ್ಗಿಸಿ ಸುರಿದರೆ ನೀರು ಉಸಿರಿನ ದಾರಿ ಹಿಡಿಯುತ್ತದೆ. ನೀರೇ ಬಿಡದಿದ್ದರೆ ಗುಳಿಗೆ ಅನ್ನನಾಳದಲ್ಲಿ ಕಚ್ಚಿಕೊಂಡು ಸುಡುತ್ತದೆ. ಕೆಲವು ಗುಳಿಗೆಗಳಂತೂ ಕೆಂಡವೇ.

ಶಾಂತಾಬಾಯಿಯವರಿಗೂ ಡಾಕ್ಟರಮ್ಮ ಇದನ್ನೆಲ್ಲ ಹೇಳಿ, ಸಿರಿಂಜು ಕೊಟ್ಟು ಕಳಿಸಿದ್ದರು. ಅವರು ಬೀದರ ಕಡೆಯ ಕನ್ನಡದವರು, ವಯಸ್ಸಾದವರು, ಹಿಂದಿನ ಗಲ್ಲಿಯ ಹಳೇ ಮನೆಯ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಯಜಮಾನರು ತೀರಿ ಇನ್ನೂ ವರ್ಷಾಂತಿಕ ಆಗಿರಲಿಲ್ಲ. ಯಜಮಾನರು ಸಾಕಿದ್ದ ಬೂದಿ ಬಣ್ಣದ ಗಂಡುಬೆಕ್ಕು ಒಂದೇ ಅವರಿಗೆ ಜೊತೆ. ಅದರ ಹೆಸರು ಬೂದ್ಯಾ. ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಕೀವು ಒಣಗಲು ಗುಳಿಗೆ.

ಕೆಲವು ದಿನ ಕಳೆದ ಮೇಲೆ ಶಾಂತಾಬಾಯಿಯವರ ಫೋನ್ ಬಂತು. ಬೂದ್ಯಾ ತಿನ್ನುತ್ತಿಲ್ಲ, ಜೊಲ್ಲು ಸುರಿಸುತ್ತಾನೆ. ಕರೆದುಕೊಂಡು ಬನ್ನಿ ಅಂದರೆ ಒಲ್ಲೆ ಅಂದರು. ನೀರು ಬಿಡುತ್ತಿದ್ದೀರಾ ಅಂತ ಡಾಕ್ಟರಮ್ಮ ಕೇಳಿದರೆ ಹೂಂ ಅಂದರು.

"ನಾಗಮ್ಮಾ, ನಿಮ್ಮ ಭಾಷೆಯವರು. ನೀನೇ ಹೋಗಿ ನೋಡು," ಅಂದರು ಡಾಕ್ಟರಮ್ಮ.

ಮಟಮಟ ಮಧ್ಯಾಹ್ನ ಹೋದೆ. ದೊಡ್ಡ ರಸ್ತೆಯಲ್ಲಿ ಗಾಡಿಗಳ ಗದ್ದಲ. ಗಲ್ಲಿಯೊಳಗೆ ತಿರುಗಿದರೆ ಒಂದು ಕಾಗೆಯ ದನಿಯೂ ಇಲ್ಲ. ಕರೆಂಟು ಹೋಗಿತ್ತು. ಇಂಥ ಹೊತ್ತಿನಲ್ಲಿ ಒಬ್ಬರೇ ತಿರುಗಬಾರದು ಅಂತ ನಮ್ಮವ್ವ ಅನ್ನುತ್ತಿದ್ದಳು. ಮೆಟ್ಟಿಲು ಹತ್ತುವಾಗಲೇ ನನಗೆ ಕೆಮ್ಮು ಕೇಳಿಸಿತು. ಮುದುಕರ ಕೆಮ್ಮು. ಎರಡು ಸಲ ಒಣಕೆಮ್ಮು, ಆಮೇಲೆ ಏನೋ ನುಂಗಲಾಗದೆ ನುಂಗಿದ ಹಾಗೆ ಗಟಕ್ ಅನ್ನುವ ಸದ್ದು.

ಶಾಂತಾಬಾಯಿ ಪಡಸಾಲೆಯಲ್ಲಿ ಕೂತಿದ್ದರು. ಕೆಮ್ಮು ಬರುತ್ತಿದ್ದುದು ಬೀಗ ಹಾಕಿದ ಒಳಕೋಣೆಯಿಂದ.

"ಯಾರ್ರಿ ಅಮ್ಮಾರ ಒಳಗ?"

"ನಮ್ಮವರು," ಅಂದರು. ಮಾರ್ಕೆಟ್ಟಿಗೆ ಹೋದವರ ಸುದ್ದಿ ಹೇಳಿದಷ್ಟು ಸಹಜವಾಗಿ. "ಕಡೀಕ ಹಿಂಗ ಕೆಮ್ಮತಿದ್ರು. ಈಗ ಮತ್ತ ಶುರು ಆಗೇತಿ. ದಿನಾ ಮುಂಜಾನೆ ತಂಬಿಗಿ ತುಂಬಾ ನೀರು ಇಟ್ಟು ಕೀಲಿ ಹಾಕತೀನಿ. ಸಂಜೀ ಮುಂದ ನೋಡಿದ್ರ ಅರ್ಧ ಆಗಿರತೈತಿ. ಕುಡೀತಾರ."

ಓಡಿಹೋಗಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಂದದ್ದು ಬೆಕ್ಕಿಗಾಗಿ.

"ಬೂದ್ಯಾ ಎಲ್ಲಿ?"

"ಎಲ್ಲೋ ಹೋಗ್ಯಾನ. ಈಗೀಗ ಹಗಲೆಲ್ಲ ನನ್ನ ಕಣ್ಣಿಗೆ ಬೀಳಂಗಿಲ್ಲ."

ಒಳಗೆ ಮತ್ತೆ ಕೆಮ್ಮು. ಮತ್ತೆ ಗಟಕ್. ನಾನು ಕೈಮುಗಿದು ಕೀಲಿ ಕೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ ಕೊಟ್ಟರು.

ಬಾಗಿಲು ತೆರೆದರೆ ಬೆತ್ತದ ಕುರ್ಚಿ. ಕುರ್ಚಿಯ ಬೆನ್ನಿಗೆ ಯಜಮಾನರ ಕೋಟು ಹಾಗೇ ಇತ್ತು. ಕೋಟಿನ ತೋಳಿನ ನಡುವೆ ಎರಡು ಹಳದಿ ಕಣ್ಣು. ಬೂದ್ಯಾ! ಕತ್ತು ಮುಂದೆ ಚಾಚಿ ಕೆಮ್ಮಿದ, ಗಟಕ್ ಅಂತ ನುಂಗಲು ನೋಡಿದ, ನೋವಿಗೆ ಕಣ್ಣು ಮುಚ್ಚಿದ. ಗದ್ದವೆಲ್ಲ ಒದ್ದೆ. ಪಕ್ಕದ ಮೇಜಿನ ಮೇಲೆ ತಂಬಿಗೆ, ಅದರಲ್ಲಿ ಅರ್ಧ ನೀರು. ಮೇಲೆ ಗವಾಕ್ಷಿಯ ಗಾಜು ಒಡೆದು ಬೆಕ್ಕು ನುಸುಳುವಷ್ಟು ದಾರಿಯಾಗಿತ್ತು. ಗಂಟಲು ಸುಡುವ ಜೀವ, ಮನೆಯಲ್ಲಿ ತನ್ನನ್ನು ಸಾಕಿದವರ ಕುರ್ಚಿ ಹುಡುಕಿ, ಅವರಿಗಿಟ್ಟ ನೀರು ಕುಡಿಯುತ್ತಿತ್ತು.

ಹೊರಗೆ ಗೂಡಿನಲ್ಲಿ ಔಷಧದ ಪೊಟ್ಟಣ ಸಿಕ್ಕಿತು. ಗುಳಿಗೆ ಖರ್ಚಾಗಿದ್ದವು. ಸಿರಿಂಜು ಕವರಿನಿಂದ ಹೊರಗೇ ಬಂದಿರಲಿಲ್ಲ. ಅದನ್ನು ಬಿಡಿಸಲು ಹೋದೆ, ಶಾಂತಾಬಾಯಿ ನನ್ನ ಮುಂಗೈ ಹಿಡಿದರು. ಆ ಬಿಸಿಲಿನಲ್ಲೂ ಮಂಜಿನಂಥ ಬೆರಳು.

"ಬಿಡಬ್ಯಾಡ. ಅವರಿಗೆ ನೀರು ಬಿಟ್ಟಾಕಿ ನಾನ. ಎಲ್ಲಾರೂ ಅಂದ್ರು, ನಿನ್ನ ಕೈ ನೀರಿಗೆ ಜೀವ ಹಿಡಕೊಂಡಾರ, ಬಿಡು ಅಂತ. ಬಿಟ್ಟೆ. ಒಂದ ಗುಟುಕು. ಹೋಗೇ ಬಿಟ್ರು. ಈಗ ಈ ಮೂಕ ಪ್ರಾಣಿನ್ನೂ ಕಳಿಸ್ಲೇನು?"

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಈಗ ನೀನೂ ಬಾಯಿಗೆ ಏನೂ ಹಾಕಬೇಡ, ಹಾಗೇ ಎತ್ತಿಕೊಂಡು ಬಾ ಅಂದರು. ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಬುಟ್ಟಿಯಿಂದ ಆ ಮುದುಕರ ಕೆಮ್ಮು. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಅನ್ನನಾಳದ ಒಳಗೆ ಗಾಯವಾಗಿತ್ತು. ಗಾಯ ಒಣಗುವಾಗ ದಾರಿ ಬಿಗಿದುಕೊಂಡರೆ ಬೆಕ್ಕು ಉಪವಾಸ ಬಿದ್ದು ಸಾಯುತ್ತದೆ ಅಂದರು ಡಾಕ್ಟರಮ್ಮ. ಆ ಗುಳಿಗೆ ನಿಲ್ಲಿಸಿ ಬೂದ್ಯಾನನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಸೂಜಿ, ಸಲೈನ್, ಗಾಯಕ್ಕೆ ಔಷಧ. ಪಂಜರ ತೊಳೆಯುವಾಗೆಲ್ಲ ನಾನು ಕಿವಿ ಕೊಟ್ಟು ಕೇಳುತ್ತಿದ್ದೆ. ಕೆಮ್ಮು ಕಡಿಮೆಯಾಗುತ್ತ ಬಂತು. ಕೊನೆಗೊಂದು ದಿನ ಮೆತ್ತಗೆ ಅರೆದ ಕೋಳಿಮಾಂಸ ನೆಕ್ಕಿದ. ಆದರೆ ಹಲ್ಲಿನ ಕೀವು ಪೂರ್ತಿ ಹೋಗಿರಲಿಲ್ಲ. ಡಾಕ್ಟರಮ್ಮ ಬೇರೆ ಗುಳಿಗೆ ಬರೆದರು. ಮನೆಯಲ್ಲಿ ಅದನ್ನು ಕೊಡಬೇಕಾದವರು ಶಾಂತಾಬಾಯಿ. ನೀರು ಬಿಡದಿದ್ದರೆ ಮತ್ತೆ ಅದೇ ಗಾಯ, ಈ ಸಲ ಉಳಿಯುವುದು ಕಷ್ಟ.

ಶಾಂತಾಬಾಯಿ ಬಂದರು. ಗುಳಿಗೆ ಚೆನ್ನಾಗಿಯೇ ಹಾಕಿದರು. ಸಿರಿಂಜು ಕೈಗೆ ಕೊಟ್ಟರೆ ಹಿಂದೆ ಸರಿದರು. ಡಾಕ್ಟರಮ್ಮ ಸಮಾಧಾನದಿಂದ ಮತ್ತೆ ಮತ್ತೆ ಹೇಳಿದರು, ಆಗಲಿಲ್ಲ.

ನಾನು ಅಂದೆ, "ಅಮ್ಮಾರ, ಸಾಯೋರಿಗೆ ಬಿಡೋದು ಗಂಗಾಜಲ. ಇದು ಟ್ಯಾಂಕರ್ ನೀರ್ರಿ. ಇದಕ್ಕ ನಮ್ಮ ಗಲ್ಲಿ ದಾರೀನ ನೆಟ್ಟಗ ಸಿಗಂಗಿಲ್ಲ, ಸ್ವರ್ಗದ ದಾರಿ ಎಲ್ಲಿಂದ ಸಿಗಬೇಕು?"

ನಕ್ಕರು. ನಕ್ಕರೂ ಕೈ ಮುಂದೆ ಬರಲಿಲ್ಲ. ಆಗ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, ನಾನು ಯಾರ ಮುಂದೂ ಆಡದ ಮಾತು.

"ನಮ್ಮವರು ಬಿದ್ದಾಗ ನಾನು ಅದ ಕಟ್ಟಡದ ಆ ಕಡೆ ಇದ್ದೆ. ಓಡಿ ಬರೂದ್ರಾಗ ಮುಗಿದಿತ್ತು. ಬಾಯಾಗ ಒಂದು ಹನಿ ನೀರು ಬಿದ್ದಿಲ್ರಿ. ನೀರು ಬಿಡದಿದ್ರ ಜೀವ ಉಳೀತೈತಿ ಅಂದ್ರ, ನಮ್ಮವರು ಉಳೀಬೇಕಿತ್ತಲ್ರಿ?"

ಶಾಂತಾಬಾಯಿ ಬೂದ್ಯಾನ ಕಡೆ ನೋಡಿದರು. ಸಿರಿಂಜು ತಗೊಂಡರು. ನಾನು ಅವರ ಮೊಣಕೈ ಕೆಳಗೆ ನನ್ನ ಅಂಗೈ ಇಟ್ಟೆ. ಒಂದು ಹನಿ. ಇನ್ನೊಂದು. ಬೂದ್ಯಾ ಗುಟುಕರಿಸಿದ. ಅವನು ಮೂಗು ನೆಕ್ಕಿಕೊಂಡು, ಟವೆಲಿನೊಳಗಿಂದ ಸಿಟ್ಟಿನಿಂದ ಒಂದು ಸಲ ಮ್ಯಾಂವ್ ಅಂದ.

"ಹೋಗ್ಲಿಲ್ಲ," ಅಂದರು ಶಾಂತಾಬಾಯಿ. ಕಣ್ಣಲ್ಲಿ ಧಾರಾಕಾರ ನೀರು. "ನಾಗಮ್ಮಾ, ಹೋಗ್ಲಿಲ್ಲ ನೋಡು!"

ಗುಳಿಗೆ ಮುಗಿಯುವ ತನಕ ಕೊಟ್ಟರು. ಬೂದ್ಯಾ ದುಂಡಗಾದ. ಒಮ್ಮೆ ಅವರ ಮನೆ ಹಾದು ಹೋಗುವಾಗ ನಾನು ಕೇಳಿದೆ, ಈಗ ತಂಬಿಗೆ ಇಡುವುದು ಬಿಟ್ಟಿರಬೇಕಲ್ಲ ಅಂತ.

"ಇಡತೀನಿ," ಅಂದರು. "ಬೂದ್ಯಾ ನಿಮ್ಮ ದವಾಖಾನ್ಯಾಗ ಇದ್ದಾಗೂ ನೀರು ಅರ್ಧ ಆಗತಿತ್ತು."

"ಬಿಸಲಿಗೆ ಆರಿರಬೇಕ್ರಿ."

"ಇರಬಹುದು," ಅಂದರು. ಬೂದ್ಯಾನ ತಲೆ ಸವರುತ್ತ ಮೆಲ್ಲಗೆ ಅಂದರು, "ಕೆಮ್ಮು ನಿಂತೈತಿ. ನೀರಡಿಕಿ ಅಷ್ಟ ಉಳದೈತಿ."

ಆ ಗವಾಕ್ಷಿಗೆ ಹೊಸ ಗಾಜು ಕೂತಿದ್ದನ್ನು ನಾನು ನೋಡಿದೆ. ಮತ್ತೇನೂ ಕೇಳಲಿಲ್ಲ. ಇವತ್ತಿಗೂ ಅದರ ಅರ್ಥ ನನಗೆ ಗೊತ್ತಿಲ್ಲ.

ಆ ನೌಕರಿ ನನಗೆ ಕಲಿಸಿದ್ದು ಇಷ್ಟು. ಔಷಧ ಕೊಟ್ಟಿರೇನು ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಕೊಡುವ ಕೈಗೆ ಏನು ಹೆದರಿಕೆ ಅಂತ ಕೂತು ಕೇಳಬೇಕು. ಹೆದರಿದ ಕೈಯನ್ನು ಬೈಯಬಾರದು, ಕೆಳಗೆ ನಮ್ಮ ಕೈ ಇಡಬೇಕು.

ಅದಕ್ಕೇ ಮುಂಜಾನೆ ನಾನು ಬೀಗತಿಯ ಕೈ ಕೊಡವಲಿಲ್ಲ. ಆ ಟ್ಯಾಂಕರ್ ನೀರಿನ ಮಾತನ್ನೇ ಅವರಿಗೂ ಹೇಳಿದೆ. ಅವರು ನಕ್ಕು ಹಿಡಿತ ಸಡಿಲಿಸಿದಾಗ, ಚಮಚವನ್ನು ಅವರ ಕೈಗೇ ಕೊಟ್ಟು ನನ್ನ ಅಂಗೈ ಕೆಳಗಿಟ್ಟೆ. ಸುವರ್ಣಾ ಕುಡಿದು, "ಇಬ್ಬರೂ ಸೇರಿ ಒಂದು ಚಮಚಾ ಎತ್ತತೀರೇನವಾ? ಲಗೂ ಬಿಡ್ರಿ," ಅಂದಳು.

ಸಂಜೆ ಎಲ್ಲರೂ ಬಂದರು. ಅಳಿಯ ಬುತ್ತಿ ತಂದ. ಸುವರ್ಣಾನ ಕೋಣೆಯಲ್ಲೇ ನೆಲಕ್ಕೆ ಚಾದರ ಹಾಸಿ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸುವರ್ಣಾಗೆ ಮೆತ್ತನ್ನ ಅನ್ನ, ತುಪ್ಪ. ಕೂಸು ತಾಯಿಯ ಮಗ್ಗುಲಲ್ಲಿ ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು. ಬೀಗತಿ ಎಲ್ಲರ ಮುಂದೆ ನೀರಿನ ಲೋಟ ಇಡುತ್ತ ಬಂದವರು ನಿಂತರು.

"ಒಂದು ಹೆಚ್ಚಾತು ನೋಡ್ರಿ. ಯಾರದಿದು?"

"ಇರಲಿ ಬಿಡ್ರಿ," ಅಂದೆ. ಅದನ್ನು ತಗೊಂಡು ಕೂಸಿನ ತಲೆಯ ಹತ್ತಿರ, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. "ನಮ್ಮವರದ್ರಿ, ಕೂಸಿನ ಅಜ್ಜಂದು."

ಸುವರ್ಣಾ ನನ್ನ ಕಡೆ ನೋಡಿ ತನ್ನ ತಾಟಿನಿಂದ ಒಂದು ತುತ್ತು ನನ್ನ ಬಾಯಿಗಿಟ್ಟಳು. ಎಲ್ಲರೂ ಕೂಡಿ ಹೊಟ್ಟೆತುಂಬ ಉಂಡೆವು.