ಹೆಡರ್ ಫೈಲುಗಳ ಪಂಕ್ತಿ

ಮಗಳು ಸಿ ಪ್ರೋಗ್ರಾಂ ಬರೆಯುತ್ತ ಕೂತಿದ್ದಳು. ನಾನು ಅವರೆಕಾಯಿ ಸುಲಿಯುತ್ತ ಸುಮ್ಮನೆ ಇಣುಕಿದೆ. ಮೇಲಿನ ನಾಲ್ಕು ಸಾಲು ಕಂಡದ್ದೇ ತಡ, ಬಾಯಿ ಸುಮ್ಮನಿರಲಿಲ್ಲ.

"ನೀನೇ ಬರೆದ ಹೆಡರ್ ಫೈಲು ಮೊದಲು ಬರ್ಬೇಕು ಕಣೇ, ಕೊನೇಲಲ್ಲ."

"ಯಾಕಮ್ಮ?"

ಈ 'ಯಾಕೆ' ಇದೆಯಲ್ಲ, ಹಿಂದೊಮ್ಮೆ ನನ್ನ ಕೈಗೆ ಬಂದ ಕೆಲಸವನ್ನು ನುಂಗಿ ನೀರು ಕುಡಿದದ್ದು ಅದೇ. ಕೇಳಿ.

ತೊಂಬತ್ತರ ದಶಕದ ಕೊನೆ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್. ಚಪ್ಪಲಿ ಹೊರಗೆ ಬಿಟ್ಟು ದೇವರ ಕೋಣೆಗೆ ಹೋಗುವಂತೆ ಒಳಗೆ ಹೋಗಬೇಕಿತ್ತು. ಮಾನಿಟರುಗಳ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ ವರ್ಷಪೂರ್ತಿ ಇರುತ್ತಿತ್ತು. ಪಾಠ ಹೇಳುತ್ತಿದ್ದವರು ನಂಜನಗೂಡಿನಿಂದ ಬರುತ್ತಿದ್ದ ರುದ್ರಪ್ಪ ಸರ್. ಪ್ರೋಗ್ರಾಮಿಗೆ ಯಾವ ಯಾವ ಹೆಡರ್ ಫೈಲಿನ ಸಹಾಯ ಬೇಕು ಎಂದು ಅದರ ಮೇಲ್ತುದಿಯ ಸಾಲುಗಳಲ್ಲೇ ಬರೆಯಬೇಕಷ್ಟೆ. ಅಲ್ಲಿ ನಿಮ್ಮ ಸ್ವಂತ ಫೈಲು ಮೊದಲು, ಕಂಪ್ಯೂಟರಿನ ಜೊತೆಗೇ ಬರುವ ಸಿಸ್ಟಂ ಫೈಲುಗಳು ಆಮೇಲೆ ಎಂಬುದು ಅವರ ಕಟ್ಟಪ್ಪಣೆ. ನಾನು ತಲೆಯಾಡಿಸಿ ಬರೆದುಕೊಂಡೆ. ಸೋಮನಾಥಪುರದ ಮಂಜುಳ ಒಪ್ಪಬೇಕಲ್ಲ!

"ಅದೆಂಗೆ ಸಾ? ಊಟುಕ್ ಕೂತ್ರೂ ದೊಡ್ಡೋರು ಮೊದ್ಲು. ಸಿಸ್ಟಂ ಫೈಲು ದೊಡ್ಡೋರಲ್ವಾ?"

"ದೊಡ್ಡೋರ್ಗೆ ಬಡ್ಸೋ ಗದ್ಲದಲ್ಲಿ ನಿನ್ನೆಲೇಲಿ ಉಪ್ಪಿಲ್ಲ ಅಂತ ಯಾರವ್ವ ನೋಡ್ತಾರೆ? ನೀನೇ ಮೊದ್ಲು ಕೂತ್ಕೊ, ತಕ್ಷಣ ಗೊತ್ತಾಯ್ತದೆ."

ಅವಳು ಜಗ್ಗಲಿಲ್ಲ. ಕೋರ್ಸ್ ಮುಗಿಯುವಾಗ ಸೆಂಟರಿನಲ್ಲಿ ಪಾಠ ಹೇಳುವ ಕೆಲಸ ಒಂದು ಖಾಲಿಯಾಯಿತು. ಕಣ್ಣಿಟ್ಟವರು ನಾವಿಬ್ಬರೇ. ಕೆಲಸ ಸಿಕ್ಕರೆ ಸದ್ಯಕ್ಕೆ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದರಿಂದ ನನಗಂತೂ ಅದು ಜೀವನ್ಮರಣದ ಪ್ರಶ್ನೆ. ಮಾಲೀಕರ ಮುಂದೆ ಇಬ್ಬರೂ ಬಸ್ ವೇಳಾಪಟ್ಟಿಯ ಪ್ರೋಗ್ರಾಂ ಓಡಿಸಿ ತೋರಿಸಬೇಕಿತ್ತು.

ಇಬ್ಬರದೂ ಓಡಿತು. ಆಗ ಸರ್, ಮಂಜುಳ ಕೊನೆಯಲ್ಲಿ ಬರೆದಿದ್ದ ಅವಳದೇ ಫೈಲಿನ ಸಾಲನ್ನು ಎತ್ತಿ ಮೊದಲಿಗೆ ಹಾಕಿದರು. ಪರದೆಯ ತುಂಬ ತಪ್ಪುಗಳು! ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳೇಕೆ ಹೇಳಲಿ?

ಮಂಜುಳ ಪರದೆಯನ್ನೇ ದುರುಗುಟ್ಟಿ ನೋಡಿದಳು. "ಅಯ್ಯೋ ಶಿವ್ನೆ! ನನ್ ಫೈಲ್ಗೆ ಬೇಕಾದ್ದ ಅದ್ರೊಳಗೇ ಆಕಿಲ್ಲ ಸಾ. ಇಷ್ಟ್ ದಿನ ಮುಂದಿನೋರ್ ದಯದಿಂದ ನಡ್ಕೊಂಡ್ ಬಂದದೆ!" ಎಂದವಳೇ ತನ್ನ ಫೈಲಿನೊಳಗೆ ಒಂದು ಸಾಲು ಸೇರಿಸಿದಳು. ಓಡಿತು.

ಸರ್ ನನ್ನತ್ತ ತಿರುಗಿದರು. "ನೀನ್ಯಾಕವ್ವ ನಿನ್ ಫೈಲು ಮೊದ್ಲು ಇಟ್ಟಿದ್ದು?"

"ನೀವು ಹೇಳಿದ್ರಲ್ಲ ಸಾ."

ಮಾಲೀಕರು ಗೊಳ್ಳೆಂದು ನಕ್ಕರು. ಕೆಲಸ, ಕಾರಣ ತಾನೇ ಕಂಡುಕೊಂಡ ಮಂಜುಳಳಿಗೆ ಹೋಯಿತು, ನಾನು ನಂಜನಗೂಡಿನ ಸೊಸೆಯಾದೆ. ಗಂಡ ಒಳ್ಳೆಯವರೇ, ಬಿಡಿ. ಆದರೂ ನನ್ನ ಬಾಯಲ್ಲಿ ಅವಳು ಇಷ್ಟು ವರ್ಷವೂ 'ನನ್ನ ಕೆಲಸ ಕಿತ್ತುಕೊಂಡ ಮಂಜಿ'.

ಮಗಳು ಇನ್ನೂ ಕಾಯುತ್ತಿದ್ದಳು. "ನೀನೇ ಮೊದಲಿಗೆ ಹಾಕಿ ನೋಡು," ಎಂದೆ. ಹಾಕಿದಳು. ತಪ್ಪುಗಳು ಸಾಲುಗಟ್ಟಿದವು. ಕಿರುಚಿದಳು, ಗೊಣಗಿದಳು, ಆಮೇಲೆ "ಓ!" ಎಂದು ತಾನೇ ತಿದ್ದಿದಳು. ಆ "ಓ!" ನನ್ನ ಬಾಯಿಂದ ಆವತ್ತು ಬಂದೇ ಇರಲಿಲ್ಲ.

ಕೈ ಒರೆಸಿಕೊಂಡು ನರಸೀಪುರಕ್ಕೆ ಫೋನ್ ಹಚ್ಚಿದೆ. "ಲೇ ಮಂಜಿ, ಆ ಕೆಲ್ಸ ನಿಂಗೇ ಸೇರ್ಬೇಕಾಗಿತ್ತು ಕಣೇ."

ಆ ಕಡೆಯಿಂದ ಅವಳು ಕೇಳಿದಳು: "ಅದ್ಕೇನಾ ನೀನು ನನ್ ಮದ್ವೆಗ್ ಬರ್ದೇ ಇದ್ದಿದ್ದು?"